ನಾಯಿಗೆ ಕೆಲಸ ಇಲ್ಲ, ನಿಲ್ಲೋಕೆ ಹೊತ್ತಿಲ್ಲ

"ಸಾಹೇಬ್, ಕುತ್ರ್ಯಾಚಂ ಕಾಹೀತರೀ ಕರಾ" ಅಂತ ನಮ್ಮ ಸೊಸೈಟಿಯ ಸೆಕ್ರೆಟರಿ ಲಿಫ್ಟಿನ ಮುಂದೆ ನಿಲ್ಲಿಸಿ ಹೇಳಿದ್ದು 2023ರ ಜೂನ್‌ನಲ್ಲಿ. ನಾಯಿಗೆ ಏನಾದರೂ ಒಂದು ವ್ಯವಸ್ಥೆ ಮಾಡಿ ಅಂತ ಅರ್ಥ. ನಿವೃತ್ತ ಮೇಷ್ಟ್ರು, ಸಭ್ಯರು, ಮೂರು ಸಲ ಬಾಯಲ್ಲಿ ಹೇಳಿ ನಾಲ್ಕನೇ ಸಲ ಲಿಖಿತವಾಗಿ ಕೊಟ್ಟರು. ನಾವು ಆಫೀಸಿಗೆ ಹೋದ ಮೇಲೆ ನಾಯಿ ಬಾಲ್ಕನಿಯಲ್ಲಿ ಊಳಿಡುತ್ತದೆ, ಕೆಳಗಿನ ಮನೆಯ ಕಾಕೂಗೆ ಮಧ್ಯಾಹ್ನದ ನಿದ್ದೆ ಇಲ್ಲ, ಮೂರು ಕುಂಡ ಕೆಳಗೆ ಬಿದ್ದಿವೆ. ಎಲ್ಲಾ ನಿಜ. ಅವರ ಪತ್ರದಲ್ಲಿ ಇಲ್ಲದ್ದು ಅಂದರೆ ನಮ್ಮ ಸೋಫಾದ ಹೊಟ್ಟೆ, ಎರಡು ಜೊತೆ ಚಪ್ಪಲಿ, ನನ್ನ ಪಾಸ್‌ಬುಕ್. (ಬ್ಯಾಂಕಿನವನ ಪಾಸ್‌ಬುಕ್ಕೇ ತಿಂದಿತು ಅಂತ ಆಫೀಸಿನಲ್ಲಿ ಒಂದು ವಾರ ನಕ್ಕರು.)

2015ರಲ್ಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ, ಯಾವ ಹೌಸಿಂಗ್ ಸೊಸೈಟಿಯೂ ನಾಯಿ ಸಾಕಬೇಡಿ ಅಂತ ನಿಷೇಧ ಹಾಕುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿದೆ. ಮಗಳು ಬೆಂಗಳೂರಿನಿಂದ ಅದನ್ನು ಹುಡುಕಿ ಕಳಿಸಿ "ಇದನ್ನ ತೋರ್ಸಿ ಅಪ್ಪಾ" ಅಂದಳು. ತೋರಿಸಲಿಲ್ಲ. ಸುತ್ತೋಲೆ ತೋರಿಸಿದರೆ ಕಾಕೂಗೆ ನಿದ್ದೆ ಬರುತ್ತದೆಯೇ? ಮೂವತ್ತು ವರ್ಷ ಸುತ್ತೋಲೆ ಓದಿಕೊಂಡೇ ಬದುಕಿದವನು ನಾನು, ಅದರ ಬೆಲೆ ಎಷ್ಟು ಅಂತ ನನಗೆ ಗೊತ್ತು.

ಮನೆಯಲ್ಲಿ ಮೂರು ಅಭಿಪ್ರಾಯ. ನನ್ನವಳದು, "ವಾಪಸ್ ಊರಿಗೆ ಕಳಿಸ್ರಿ, ಅದರ ಜೀವಾನೂ ಹಗರಾಗಲಿ, ನಮ್ದೂ ಹಗರಾಗಲಿ." ನನ್ನದು, ಟ್ರೇನರ್ ಇಡೋಣ. ಮೂರನೆಯದು ನಮ್ಮ ಅವ್ವನದು. ಎಂಬತ್ತು ದಾಟಿದ ಅವ್ವ ಮಂಚದ ಮೇಲೆ ಕೂತು ಕೌದಿ ಹೊಲಿಯುತ್ತಾ, ತಲೆ ಎತ್ತದೆ, "ನಾಯಿಗೆ ಕೆಲಸಿಲ್ಲ, ನಿಲ್ಲಾಕ ಹೊತ್ತಿಲ್ಲ ಅಂತಾರಲ್ಲ ತಮ್ಮಾ. ಅದಕ್ಕ ಕೆಲಸಿಲ್ಲ. ಅಷ್ಟ ಆಗೇದ" ಅಂದಳು. ಗಾದೆ ಹೇಳುವುದು ಅವ್ವನ ಚಟ, ಹಾಗಾಗಿ ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೇಳಿದ್ದು ಗಾದೆಯಲ್ಲ, ವರದಿ ಅಂತ ತಿಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ನಾಯಿಯ ಹೆಸರು ಚಿಗರಿ. ಮುಧೋಳ ತಳಿ. ನಮ್ಮ ಅಣ್ಣನ ಮಗ ಎರಡು ತಿಂಗಳ ಮರಿಯನ್ನು ತಂದು ಕೊಟ್ಟು, "ಕಾಕಾ, ಊರ ನೆನಪಿಗೆ ಇರ್ಲಿ" ಅಂದು ಹೋದ. ನಾನು ಜಮಖಂಡಿಯಲ್ಲಿ ಬಿಕಾಂ ಮಾಡಿ, ಬ್ಯಾಂಕ್ ಸೇರಿ, 1996ರಲ್ಲಿ ವರ್ಗವಾಗಿ ಪುಣೆಗೆ ಬಂದವನು. ಊರಿನಿಂದ ಮುಧೋಳ ಕೂಗಳತೆ ದೂರ. ಚಿಕ್ಕಂದಿನಲ್ಲಿ ಈ ನಾಯಿಗಳನ್ನು ದಿನಾ ನೋಡಿದ್ದೇನೆ, ಆದರೆ ಅವುಗಳ ಇತಿಹಾಸ ಓದಿದ್ದು ಮಾತ್ರ ಸೋಫಾ ಹರಿದ ಮೇಲೆ.

ಆ ಇತಿಹಾಸ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮುಧೋಳ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆಳಿದ ಮಾಲೋಜಿರಾವ್ ಘೋರ್ಪಡೆಯವರು ಅಲ್ಲಿಯ ಬೇಡರು ಬೇಟೆಗೆ ಬಳಸುತ್ತಿದ್ದ ತೆಳು ಸೊಂಟದ, ಉದ್ದ ಕಾಲಿನ ನಾಯಿಗಳನ್ನು ಗಮನಿಸಿ, ಆರಿಸಿ ತಳಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಬೇಡರು ಅಂದರೆ ಹಲಗಲಿಯ ಬೇಡರು ನೆನಪಾಗಬೇಕು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಅಂದಾಗ ಬಂಡೆದ್ದವರು. ಹಲಗಲಿಯೂ ಮುಧೋಳ ಸೀಮೆಯದೇ. ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನ್ ಅನ್ನುತ್ತಾರೆ, ವ್ಯಾಪಾರಿಗಳ ತಂಡದ ಜೊತೆ ಬಂದ ತಳಿ ಎಂಬ ನಂಬಿಕೆಯಿಂದ. ಇಲ್ಲಿ ಬೆಳಗಿನ ವಾಕಿಂಗ್‌ನಲ್ಲಿ ಯಾರಾದರೂ "ಕಾರವಾನ್ ಕಾ?" ಅಂದರೆ ನಾನು "ನಾಹೀ, ಮುಧೋಳ" ಅನ್ನುತ್ತೇನೆ. ಅವರೂ ಸರಿ, ನಾನೂ ಸರಿ. ಗಡಿ ವಿವಾದ ನಾಯಿಗೂ ಬಿಟ್ಟಿಲ್ಲ!

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಅಲ್ಲಾಡಿದರೆ ಸಾಕು, ಬಿಟ್ಟ ಬಾಣ. ಬಾಗಲಕೋಟೆ ಸೀಮೆಯ ಬಯಲು, ಕಟಾವಾದ ಜೋಳದ ಹೊಲ, ಅಡ್ಡ ಬರುವ ಮರವಿಲ್ಲ, ಗೋಡೆಯಿಲ್ಲ. ಆ ಓಟಕ್ಕೇ ತಿದ್ದಿದ ಮೈ ಅದು. ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ಅಪರಾಧವಾಯಿತು. ಆಗಬೇಕಾದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾನೂನು ಪ್ರಕಾರ ಆ ದಿನದಿಂದ ಮುಧೋಳ ನಾಯಿಗೆ ನೌಕರಿ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆಯಿತು. 2016ರಲ್ಲಿ ಸೈನ್ಯದವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. 2021ರಲ್ಲಿ ವಾಯುಪಡೆಯವರು ಆಗ್ರಾಕ್ಕೆ ಒಯ್ದರು, ರನ್‌ವೇ ಮೇಲೆ ಕೂರುವ ಹಕ್ಕಿಗಳನ್ನು ಓಡಿಸಲಿಕ್ಕೆ. ನಡುವೆ 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ಈ ತಳಿಯ ಹೆಸರು ಹೇಳಿದರು. ನೌಕರಿ ಹೋದವನಿಗೆ ಸನ್ಮಾನದ ಮೇಲೆ ಸನ್ಮಾನ. ಅದರ ಫಲವಾಗಿ ಎಷ್ಟೋ ಮರಿಗಳು ನಮ್ಮಂಥವರ ಎರಡು ಬೆಡ್‌ರೂಮಿನ ಫ್ಲಾಟುಗಳಿಗೆ ಬಂದವು. ಕೋಥರೂಡಿನ ನಾಲ್ಕನೇ ಮಹಡಿಯ ಚಿಗರಿ ಅವುಗಳಲ್ಲಿ ಒಂದು.

ಟ್ರೇನರ್ ಬಂದ. ಹೆಸರು, ವಿಳಾಸ ಬೇಡ. ಕಬ್ಬಿಣದ ಸರಪಳಿ, ಎಳೆದರೆ ಕುತ್ತಿಗೆಗೆ ಬಿಗಿಯುವಂಥದ್ದು. ಸಿಟ್ ಅನ್ನುವುದು, ಜಗ್ಗುವುದು, ಹಿಂಭಾಗ ಒತ್ತುವುದು. ಹನ್ನೆರಡು ದಿನ. ಹದಿಮೂರನೇ ದಿನ ಲಿಫ್ಟಿನ ಸದ್ದಾದರೆ ಚಿಗರಿ ಮಂಚದ ಕೆಳಗೆ. ಊಳಿಡುವುದು ನಿಂತಿತ್ತು, ನಿಜ. ಊಟವೂ ನಿಂತಿತ್ತು. ಟ್ರೇನರ್ ಮೇಲೆ ಎಲ್ಲಾ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ವಾರದಲ್ಲೇ ಒಂದು ರಾತ್ರಿ, ಆಡಿಟ್ ಮುಗಿಸಿ ಬಂದವನು ನಾನು, ಹರಿದ ದಿಂಬು ನೋಡಿ ಸುತ್ತಿದ ಪೇಪರಿನಿಂದ ಎರಡು ಬಾರಿಸಿದೆ. ಅವಳು ಕೂಗಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಆಮೇಲೆ ಹತ್ತು ದಿನ ನಾನು ಪೇಪರ್ ಓದಲು ಕೂತರೆ ಕೋಣೆ ಬಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಪೇಪರ್ ಬಿಚ್ಚುವ ಸದ್ದು, ಉಗುರುಗಳ ಟಕಟಕ ಸದ್ದು, ಖಾಲಿ ಕೋಣೆ. ಆ ಹತ್ತು ದಿನದಲ್ಲಿ ನಾನು ಓದತೊಡಗಿದ್ದು ಬೇರೆ ಸಂಗತಿ.

ಹೀಗೆ ಜಗ್ಗಿ ಒತ್ತಿ ಕಲಿಸುವುದಕ್ಕೂ ಒಂದು ವಂಶಾವಳಿ ಇದೆ. ಜರ್ಮನಿಯಲ್ಲಿ ಕಾನ್ರಾಡ್ ಮೋಸ್ಟ್ ಎಂಬ ಪೊಲೀಸ್ ಅಧಿಕಾರಿ 1910ರಲ್ಲಿ ನಾಯಿ ತರಬೇತಿಯ ಬಗ್ಗೆ ಪುಸ್ತಕ ಬರೆದ. ಪೊಲೀಸ್ ನಾಯಿ, ಆಮೇಲೆ ಯುದ್ಧದ ನಾಯಿ, ಎಲ್ಲಕ್ಕೂ ಬಹಳ ಕಾಲ ಅವನದೇ ದಾರಿ. ಮೋಸ್ಟ್ ದಡ್ಡನಲ್ಲ. ಬಹುಮಾನವಾಗಲಿ ಶಿಕ್ಷೆಯಾಗಲಿ ಆ ಕ್ಷಣಕ್ಕೇ ಕೊಡಬೇಕು, ತಡವಾದರೆ ನಾಯಿಗೆ ಯಾವುದಕ್ಕೆ ಏನು ಅಂತ ಗೊತ್ತಾಗುವುದಿಲ್ಲ ಎನ್ನುವುದನ್ನು ಅವನು ಆ ಕಾಲಕ್ಕೇ ಕಂಡುಕೊಂಡಿದ್ದ. ಆದರೆ ಅವನ ಕೈಯಲ್ಲಿ ಬೆತ್ತವೂ ಇತ್ತು, ಮುಳ್ಳಿನ ಪಟ್ಟಿಯೂ ಇತ್ತು. ಬ್ಯಾರಕ್ಕಿನ ಶಿಸ್ತು ಅದು. ಬ್ಯಾರಕ್ ಹೋಗಿ ಫ್ಲಾಟ್ ಬಂದರೂ ಸರಪಳಿ ಮಾತ್ರ ಹಾಗೇ ಉಳಿದಿದೆ.

ಅದಕ್ಕಿಂತ ಹಳೆಯ ನಮ್ಮ ದಾರಿ ಹೇಗಿತ್ತು? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಸಾವಿರ ವರ್ಷ. 2009ರಲ್ಲಿ ಬ್ಯಾಂಕಿನ ಟ್ರೇನಿಂಗ್‌ಗೆಂದು ಬೆಂಗಳೂರಿಗೆ ಹೋದಾಗ ಭಾನುವಾರ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ಕಲ್ಲು ನೋಡಿದ್ದೆ. ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ, ಕೆಳಗೆ ಹಳಗನ್ನಡ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ಅದು, ಶಕ 872, ನಮ್ಮ ಲೆಕ್ಕಕ್ಕೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಅಂದ. ಈ ಪುಣ್ಯಾತ್ಮ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ! ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಭೂಮಿ ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅಂತ ಕರಾರು ಬೇರೆ. (ಗೊರವ ಅಂದಾಗ ನಮ್ಮ ಮೈಲಾರದ ಗೊರವರು, ಇಲ್ಲಿಯ ಜೇಜುರಿ ಖಂಡೋಬನ ವಾಘ್ಯಾಗಳು ಕಣ್ಮುಂದೆ ಬಂದರು. ದೇವರ ನಾಯಿಗಳೆಂದು ಬೊಗಳುತ್ತಾ ದೋಣಿಯಲ್ಲಿ ಬಾಯಿ ಹಾಕಿ ಉಣ್ಣುವ ಸೇವೆ ಇವತ್ತಿಗೂ ಇದೆ. ಅದು ಇನ್ನೊಂದು ದಿನದ ಬರಹ.)

ಕಾಳಿಗೆ ಯಾರು, ಹೇಗೆ ಕಲಿಸಿದರು ಅಂತ ಕಲ್ಲು ಹೇಳುವುದಿಲ್ಲ. ಆದರೆ ಬಿಟ್ಟ ಕೂಡಲೇ ಹೋಗುವ ನಾಯಿ ಅದು, ಅಷ್ಟು ಸ್ಪಷ್ಟ. ಇದಾಗಿ ಸುಮಾರು ನೂರ ಎಂಬತ್ತು ವರ್ಷಕ್ಕೆ, 1129ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯದ ಐದು ಭಾಗ. ಅಡುಗೆಯಿಂದ ಆನೆಯವರೆಗೆ ಎಲ್ಲಾ ಇದೆ. ವಿನೋದಗಳ ಭಾಗದಲ್ಲಿ ನಾಯಿಗೂ ಒಂದು ಅಧ್ಯಾಯ, ಸಾರಮೇಯ ವಿನೋದ ಅಂತ. ಬೇರೆ ಬೇರೆ ಸೀಮೆಯ ನಾಯಿಗಳು, ಅವುಗಳ ಲಕ್ಷಣ, ಬೇಟೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ವಿನೋದ ಎಂಬ ಪದ. ನಾಯಿಗೆ ಅದು ಕೆಲಸ, ದೊರೆಗೆ ಅದು ಆಟ. ಬಹುಶಃ ನಾಯಿಗೂ ಆಟವೇ. ಎರಡರ ನಡುವೆ ಗೋಡೆ ಎದ್ದದ್ದು ಆಮೇಲೆ.

ಈಗ ನಮ್ಮ ಕಾಲಕ್ಕೆ. ಹಾರ್ವರ್ಡಿನ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1951ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವುದು ಹೇಗೆ ಅಂತ ಜನಸಾಮಾನ್ಯರಿಗೆಂದು ಒಂದು ಲೇಖನ ಬರೆದ. ಬೆತ್ತ ಬೇಡ, ಸರಪಳಿ ಬೇಡ. ಮಕ್ಕಳ ಟಕ್ ಟಕ್ ಆಟಿಕೆ ಒಂದಿದ್ದರೆ ಸಾಕು. ಮೊದಲು ಸದ್ದು, ಕೂಡಲೇ ತಿನಿಸು. ಸದ್ದಾದರೆ ತಿನಿಸು ಬರುತ್ತದೆ ಅಂತ ನಾಯಿಗೆ ಖಾತ್ರಿಯಾದ ಮೇಲೆ, ಬೇಕಾದದ್ದನ್ನು ಅದು ಮಾಡಿದ ಕ್ಷಣಕ್ಕೆ ಸದ್ದು ಮಾಡಿ. ಸದ್ದು ಅಂದರೆ ಚೆಕ್, ತಿನಿಸು ಅಂದರೆ ನಗದು. ಚೆಕ್ ಬೌನ್ಸ್ ಆಗಬಾರದು, ಅಷ್ಟೇ!

ಸ್ಕಿನ್ನರನ ಶಿಷ್ಯ ದಂಪತಿ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ಇದನ್ನೇ ವ್ಯಾಪಾರ ಮಾಡಿಕೊಂಡರು. 1947ರಲ್ಲಿ ಕಂಪನಿ ತೆಗೆದು ಕೋಳಿ, ಹಂದಿ, ಬಾತುಗಳಿಗೆ ಆಟ ಕಲಿಸಿ ಪ್ರದರ್ಶನಕ್ಕೆ ಕೊಟ್ಟರು. ಆಮೇಲೆ 1961ರಲ್ಲಿ ತಮ್ಮ ಸೋಲುಗಳ ಬಗ್ಗೆ ಒಂದು ಪ್ರಾಮಾಣಿಕ ಪ್ರಬಂಧ ಬರೆದರು. ಅದರಲ್ಲಿ ಬ್ಯಾಂಕಿನವನು ಓದಲೇಬೇಕಾದ ಕತೆ ಇದೆ. ರಕೂನ್ ಅಂತ ಅಮೆರಿಕದ ಒಂದು ಪ್ರಾಣಿ, ಕೈಯಲ್ಲಿ ಹಿಡಿದು ತೊಳೆದು ತಿಕ್ಕಿ ತಿನ್ನುವ ಸ್ವಭಾವದ್ದು. ಅದಕ್ಕೆ ನಾಣ್ಯ ಎತ್ತಿ ಡಬ್ಬಿಗೆ ಹಾಕುವುದನ್ನು ಕಲಿಸಿದರು. ಒಂದು ನಾಣ್ಯ ಹೇಗೋ ಹಾಕಿತು. ಎರಡು ಕೊಟ್ಟರೆ ಹಾಕಲೊಲ್ಲದು! ಒಂದಕ್ಕೊಂದು ತಿಕ್ಕುತ್ತದೆ, ಡಬ್ಬಿಯೊಳಗೆ ಇಳಿಬಿಡುತ್ತದೆ, ಮತ್ತೆ ತೆಗೆಯುತ್ತದೆ, ಮತ್ತೆ ತಿಕ್ಕುತ್ತದೆ. ಹಂದಿಯದು ಇನ್ನೊಂದು ನಮೂನೆ. ಮರದ ದೊಡ್ಡ ನಾಣ್ಯಗಳನ್ನು ಒಯ್ದು ಪಿಗ್ಗಿ ಬ್ಯಾಂಕಿಗೆ ಹಾಕಬೇಕು. ಕೆಲವು ವಾರ ಚೆನ್ನಾಗಿ ಮಾಡಿದ ಹಂದಿ ಆಮೇಲೆ ನಾಣ್ಯವನ್ನು ದಾರಿಯಲ್ಲೇ ಕೆಡವಿ ಮೂತಿಯಿಂದ ಉರುಳಿಸುತ್ತಾ ಕೂತಿತು. ಹಸಿವಾದಷ್ಟೂ ಇದು ಹೆಚ್ಚಾಯಿತು. ಕಲಿಸಿದ್ದು ಮೇಲಿನ ಪದರ, ಹುಟ್ಟಿನಿಂದ ಬಂದದ್ದು ತಳ. ತಳದ ಕಡೆ ಎಲ್ಲವೂ ಜಾರುತ್ತದೆ ಅಂತ ಅವರ ತೀರ್ಮಾನ. ಇದನ್ನು ಓದುವಾಗ ರಾತ್ರಿ ಹನ್ನೊಂದಾಗಿತ್ತು. ಮಂಚದ ಕೆಳಗಿದ್ದ ಚಿಗರಿಯನ್ನು ನೋಡಿದೆ. ಓಡಲಿಕ್ಕೆ ಹುಟ್ಟಿದವಳನ್ನು ಹನ್ನೆರಡು ದಿನ ಹಿಂಭಾಗ ಒತ್ತಿ ಕೂರಿಸಿದ್ದೆವು.

ಆ ತಳವನ್ನು ಒದ್ದಾಡಿ ಮುಚ್ಚುವ ಬದಲು ಅದನ್ನೇ ಕೆಲಸಕ್ಕೆ ಹಚ್ಚಬಹುದು ಅನ್ನುವುದಕ್ಕೆ ಉದಾಹರಣೆ ನಮ್ಮ ಪುಣೆಯಲ್ಲೇ ಇದೆ. ಶಿವಾಜಿನಗರದಲ್ಲಿ ಸಿಐಡಿಯ ಶ್ವಾನ ತರಬೇತಿ ಕೇಂದ್ರವಿದೆ. ಅಲ್ಲಿ ಕಲಿತು ಮುಂಬೈಗೆ ಹೋದ ಲ್ಯಾಬ್ರಡಾರ್ ಜಂಜೀರ್. 1993ರ ಮಾರ್ಚ್‌ನ ಸರಣಿ ಸ್ಫೋಟದ ದಿನಗಳಲ್ಲಿ ಅವನ ಮೂಗು ಎಷ್ಟು ಜನರನ್ನು ಉಳಿಸಿತೋ. ಅವನ ಲೆಕ್ಕದಲ್ಲಿ 3,329 ಕಿಲೋ ಆರ್‌ಡಿಎಕ್ಸ್ ಇದೆ. 2000ದ ನವೆಂಬರ್‌ನಲ್ಲಿ ಸತ್ತಾಗ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದರು. ಅಧಿಕಾರಿಗಳು ಹೂ ಇಡುವ ಫೋಟೋ ನೀವೂ ನೋಡಿರುತ್ತೀರಿ. ಸ್ಫೋಟಕ ಹುಡುಕುವ ನಾಯಿಗೆ ಆರ್‌ಡಿಎಕ್ಸ್ ಅಂದರೆ ಏನು ಅಂತ ಗೊತ್ತೇ? ಏನೂ ಗೊತ್ತಿಲ್ಲ. ಆ ವಾಸನೆ ಸಿಕ್ಕಿದರೆ ಚೆಂಡು ಸಿಗುತ್ತದೆ, ಯಜಮಾನ ಆಡುತ್ತಾನೆ, ಅಷ್ಟೇ. ಇಂಥ ನಾಯಿಗಳಿಗೆ ಕಲಿಸುವುದೇ ಹಾಗೆ. ಅಷ್ಟು ಗಂಭೀರ ಕೆಲಸದ ತಳದಲ್ಲಿ ಕಣ್ಣಾಮುಚ್ಚಾಲೆ ಆಟ.

ಇನ್ನು ಎನ್ರಿಚ್‌ಮೆಂಟ್ ಎಂಬ ಪದ. ಬ್ಯಾಂಕಿನಲ್ಲಿ ಸಿಎಐಐಬಿ ಪರೀಕ್ಷೆಗೆ ಜಾಬ್ ಎನ್ರಿಚ್‌ಮೆಂಟ್ ಅಂತ ಓದಿದ್ದೆವು, ಉತ್ತರ ಬರೆದು ಪಾಸಾದೆವು, ಆಮೇಲೆ ಯಾವ ಶಾಖೆಯಲ್ಲೂ ಕಾಣಲಿಲ್ಲ. ಪ್ರಾಣಿಗಳ ವಿಷಯದಲ್ಲಿ ಅದು ಹಳೆಯದು. 1925ರಲ್ಲೇ ರಾಬರ್ಟ್ ಯರ್ಕ್ಸ್, ಬೋನಿನ ಮಂಗಗಳಿಗೆ ಆಡಲಿಕ್ಕೆ, ದುಡಿಯಲಿಕ್ಕೆ ಏನಾದರೂ ಇರಬೇಕು ಅಂತ ಬರೆದಿದ್ದ. 1970ರ ದಶಕದಲ್ಲಿ ಹಾಲ್ ಮಾರ್ಕೊವಿಟ್ಜ್ ಪೋರ್ಟ್‌ಲ್ಯಾಂಡಿನ ಝೂನಲ್ಲಿ ಗಿಬ್ಬನ್‌ಗಳು ಕೆಲಸ ಮಾಡಿ ಊಟ ಗಳಿಸುವ ಏರ್ಪಾಡು ಮಾಡಿದ. ಅದಕ್ಕೂ ಮೊದಲು, 1963ರಲ್ಲಿ, ಗ್ಲೆನ್ ಜೆನ್ಸೆನ್ ಎಂಬಾತ ಇಲಿಗಳ ಮುಂದೆ ಬಟ್ಟಲು ತುಂಬ ಕಾಳು ಇಟ್ಟು, ಪಕ್ಕದಲ್ಲಿ ಒತ್ತಿದರೆ ಕಾಳು ಬೀಳುವ ಸನ್ನೆಯನ್ನೂ ಇಟ್ಟ. ಪುಕ್ಕಟೆ ಕಾಳು ಬಿಟ್ಟು ಎಷ್ಟೋ ಇಲಿಗಳು ಸನ್ನೆ ಒತ್ತಿ ತಿಂದವು. ಚಿಕ್ಕ ಮಗಳನ್ನು ಕಟ್ಟಿಕೊಂಡು ಹಿಂದೊಮ್ಮೆ ಒಂದು ಝೂಗೆ ಹೋದಾಗ ಹುಲಿ ಅದೇ ಗೋಡೆಯಿಂದ ಅದೇ ಗೋಡೆಗೆ ತಿರುಗುತ್ತಿತ್ತು. "ಅಪ್ಪಾ, ಅದು ಏನೋ ಮರ್ತು ಹುಡುಕಾಕತ್ತದ" ಅಂದಿದ್ದಳು. ನಮ್ಮ ಬಾಲ್ಕನಿಯಲ್ಲಿ ಚಿಗರಿ ತಿರುಗುತ್ತಿದ್ದದ್ದೂ ಅದೇ ನಡಿಗೆ.

ಸರಿ, ಮಾಡಿದ್ದೇನು ಹೇಳುತ್ತೇನೆ. ಟ್ರೇನರ್‌ಗೆ ಕೊಡಬೇಕಾದ್ದು ಕೊಟ್ಟು ಕಳಿಸಿದೆ. ಸರಪಳಿ ಹೋಯಿತು, ಎದೆಗೆ ಹಾಕುವ ಅಗಲ ಪಟ್ಟಿ ಬಂತು.

ಮೊದಲ ಆಟ ಅವ್ವನ ಕೌದಿ. ವಿದೇಶದಲ್ಲಿ ನಾಯಿ ಮೂಸಿ ಹುಡುಕಲೆಂದು ಬಟ್ಟೆಯ ಎಳೆಗಳ ಚಾಪೆ ಮಾರುತ್ತಾರೆ. ಪುಣೆಯ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಕೇಳಿದರೆ ನಾವೇ ಮೂಸಬೇಕು. ಹಳೇ ಕೌದಿಯನ್ನು ಮಡಿಕೆ ಮಡಿಕೆಯಾಗಿ ಮುದುರಿ ಮಧ್ಯೆ ಜೋಳದ ರೊಟ್ಟಿಯ ಚೂರು ಬಚ್ಚಿಟ್ಟೆ. ಅವ್ವ ಮೊದಲು "ಅಯ್ಯ, ನಾ ಹೊಲಿದ ಕೌದಿ ನಾಯಿಗೆ ಹಾಸ್ತೀಯೇನೋ" ಅಂತ ಸಿಟ್ಟಾದಳು. ಚಿಗರಿ ಮಂಚದ ಕೆಳಗಿನಿಂದ ಮೂತಿ ಮಾತ್ರ ಹೊರಗೆ ಹಾಕಿದಳು. ನಾನು ಕೋಣೆ ಬಿಟ್ಟು ಹೋದೆ, ನಾನಿದ್ದರೆ ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಒಂದು ಚೂರು, ಎರಡು ಚೂರು... ಇಪ್ಪತ್ತು ನಿಮಿಷ ಆ ಕೌದಿಯೊಳಗೆ ಮೂಗು ತುರುಕಿಕೊಂಡು ಫೂ ಫೂ ಅಂತ ಉಸಿರು ಬಿಡುತ್ತಾ ಹುಡುಕಿದಳು. ಆಮೇಲೆ ಅದರ ಮೇಲೇ ಮಲಗಿ ಮೂರು ತಾಸು ನಿದ್ದೆ. ಹಗಲು ಮೂರು ತಾಸು! "ಕೆಲಸ ಮಾಡಿ ದಣದೈತಿ" ಅಂದಳು ಅವ್ವ. ಮರುದಿನದಿಂದ ರೊಟ್ಟಿ ಬಚ್ಚಿಡುವ ಖಾತೆ ಅವಳದೇ.

ಎರಡನೆಯದು ಮೂರು ಸ್ಟೀಲ್ ಲೋಟ. ಒಂದರ ಕೆಳಗೆ ಬೇಯಿಸಿದ ಗಜ್ಜರಿ ತುಂಡು. ಮೊದಲು ಅವಳ ಕಣ್ಣೆದುರೇ ಇಡಬೇಕು, ಆಮೇಲೆ ಲೋಟಗಳ ಜಾಗ ಬದಲಿಸಬೇಕು. ಕಣ್ಣಿನ ನಾಯಿ ಅಲ್ಲವೇ, ಮೊದಮೊದಲು ನೋಡಿದ ಜಾಗಕ್ಕೇ ಹೋಗುತ್ತಿದ್ದಳು, ಮೂಗು ನಂಬಲು ವಾರ ಹಿಡಿಯಿತು. ತಪ್ಪಿದರೆ ಗದರುವುದಿಲ್ಲ, ಸುಮ್ಮನೆ ಇನ್ನೊಮ್ಮೆ. ಮೂರನೆಯದು ತೆಂಗಿನ ಪರಟಿಯಲ್ಲಿ ಸಪ್ಪೆ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಡುವುದು. ಕೊಲೊರಾಡೊದ ಜೋ ಮಾರ್ಕಮ್ ಎಂಬಾತ 1970ರ ದಶಕದಲ್ಲಿ ತನ್ನ ಜರ್ಮನ್ ಶೆಫರ್ಡ್ ಕಲ್ಲು ಕಡಿಯುವುದನ್ನು ನೋಡಲಾರದೆ ಫೋಕ್ಸ್‌ವ್ಯಾಗನ್ ಬಸ್ಸಿನ ರಬ್ಬರ್ ಭಾಗ ಒಂದನ್ನು ಕೊಟ್ಟ. ಅದರಿಂದಲೇ ಇವತ್ತು ಎಲ್ಲೆಲ್ಲೂ ಸಿಗುವ ಕಾಂಗ್ ಆಟಿಕೆ ಹುಟ್ಟಿದ್ದು. ನಮ್ಮದು ಪರಟಿ. ಆದರೆ ನೆಕ್ಕಿ ಮುಗಿದ ಕೂಡಲೇ ತೆಗೆಯಬೇಕು, ಕಡಿದರೆ ಸೀಳು ಗಂಟಲಿಗೆ ಚುಚ್ಚುತ್ತದೆ. ಇನ್ನೊಂದು ಮಾತು, ನಮ್ಮ ವಿಜಯಪುರ, ಇಲ್ಲಿಯ ತಾಸಗಾಂವ್ ಕಡೆಯವರು ಗಮನಿಸಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿಗೇ ಪೆಟ್ಟು. ಉಳ್ಳಾಗಡ್ಡಿ, ಚಾಕೊಲೇಟೂ ಬೇಡ.

ಆಟದಿಂದ ಪಾಠಕ್ಕೆ ಬರಲು ಒಂದು ತಿಂಗಳು ಹಿಡಿಯಿತು. ಸ್ಕಿನ್ನರನ ಟಕ್ ಟಕ್ ಆಟಿಕೆ ತರಲಿಲ್ಲ. ನಮ್ಮಪ್ಪ ಎತ್ತು ಹೊಡೆಯುವಾಗ ನಾಲಿಗೆಯಿಂದ ಒಂದು ಸದ್ದು ಮಾಡುತ್ತಿದ್ದ, ಅದನ್ನೇ ಮಾಡಿದೆ. ಮೊದಲ ಪಾಠ ಮುಟ್ಟು. ಅಂಗೈ ಅವಳ ಮೂತಿಯಿಂದ ಒಂದು ಗೇಣು ದೂರ ಹಿಡಿಯುವುದು. ಕುತೂಹಲಕ್ಕೆ ಮೂಗು ತಾಗಿಸಿದರೆ ನಾಲಿಗೆ ಸದ್ದು, ಕೂಡಲೇ ತಿನಿಸು. ಒಂದು ಸಲಕ್ಕೆ ಮೂರು ನಿಮಿಷ, ಇನ್ನೂ ಬೇಕು ಅಂತ ಅವಳು ನೋಡುವಾಗಲೇ ನಿಲ್ಲಿಸಬೇಕು. ಪೇಪರಿನಿಂದ ಹೊಡೆದ ಕೈ ಅದು. ಐದನೇ ದಿನ ಅವಳಾಗಿಯೇ ಬಂದು ಆ ಅಂಗೈಗೆ ಒದ್ದೆ ಮೂಗು ಒತ್ತಿದಳು. ಏನು ಬರೆಯಲಿ... ನಾನು ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಕೂರಿಸುವುದಕ್ಕೆ ಹಿಂಭಾಗ ಒತ್ತಬೇಕಿಲ್ಲ. ತಿನಿಸನ್ನು ಮೂಗಿನಿಂದ ತಲೆಯ ಮೇಲಕ್ಕೆ ನಿಧಾನ ಒಯ್ದರೆ ಹಿಂಭಾಗ ತಾನಾಗಿ ಇಳಿಯುತ್ತದೆ. ಆದರೆ ಈ ತಳಿಯ ತೊಡೆಯ ಸ್ನಾಯು ಉದ್ದ, ಕೂರುವುದು ಅವಕ್ಕೆ ಹಿತವಲ್ಲ, ಹಾಗಾಗಿ ನಾನು ಹೆಚ್ಚು ಒತ್ತಾಯಿಸಲಿಲ್ಲ. ಭಾಷೆಯದೊಂದು ಗೊಂದಲ. ನಾನು "ಕುಂದ್ರು", ನನ್ನವಳು "ಸಿಟ್", ಸೊಸೈಟಿಯ ಮಕ್ಕಳು ಮರಾಠಿಯಲ್ಲಿ "ಬಸ್". ಮಕ್ಕಳ ಕೈಯಲ್ಲಿ ತಿನಿಸು ಜಾಸ್ತಿ, ಹಾಗಾಗಿ ಮರಾಠಿ ಗೆದ್ದಿತು. ಒಂದು ದಿನ ರಸ್ತೆಯಲ್ಲಿ ನನ್ನವಳು "ಬಸ್ ಬಂತ್ರೀ" ಅಂದಳು, ಚಿಗರಿ ಸ್ಟಾಪಿನಲ್ಲಿ ಠೀವಿಯಿಂದ ಕೂತುಬಿಟ್ಟಳು. ಹುಬ್ಬಳ್ಳಿ-ಧಾರವಾಡದಲ್ಲಿ ಚಿಗರಿ ಅಂದರೇ ಬಸ್ಸು. ಧಾರವಾಡದ ತವರಿನವಳು, ಅಲ್ಲೇ ನಿಂತು ನಕ್ಕೂ ನಕ್ಕೂ ಬಸ್ ತಪ್ಪಿಸಿಕೊಂಡಳು. ವಾಪಸ್ ಕಳಿಸುವ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಆದರೂ ಓಟ ಬೇಕೇ ಬೇಕು. ಬಿದಿರು ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಬನಿಯನ್. ಗೋಡೆ ಇರುವ ಖಾಲಿ ಸೈಟಿನಲ್ಲಿ ಬೆಳಿಗ್ಗೆ ಹತ್ತು ನಿಮಿಷ ನೆಲದ ಮೇಲೆ ಅದನ್ನು ಸುತ್ತಿಸಿದರೆ ಅವಳಿಗೆ ಅದೇ ಮೊಲ. ಕೊನೆಗೆ ಒಮ್ಮೆ ಹಿಡಿಯಲು ಬಿಡಲೇಬೇಕು, ಬರೀ ಓಡಿಸಿ ಸಿಗದಂತೆ ಮಾಡಿದರೆ ಅದು ವಿನೋದವಲ್ಲ, ಪೀಡನೆ. ಬೊಗಳುವುದು ಪೂರ್ತಿ ನಿಂತಿತು ಅಂದರೆ ಸುಳ್ಳಾಗುತ್ತದೆ. ಬೆಕ್ಕು ಕಂಡರೆ ಇವತ್ತಿಗೂ ಕಾಂಪೌಂಡು ಅದುರುತ್ತದೆ. ಮಧ್ಯಾಹ್ನದ ಊಳು ಮಾತ್ರ ನಿಂತಿದೆ.

ಈ ಫೆಬ್ರವರಿಯಲ್ಲಿ ವೇತಾಳ ಟೇಕಡಿಯ ಮೇಲೆ ನವಿಲೊಂದು ಪೊದೆಯಿಂದ ಎದ್ದಿತು. ಕೈಯಿಂದ ಹಗ್ಗ ಹೋದದ್ದೇ ಗೊತ್ತಾಗಲಿಲ್ಲ. ಮುಟ್ಟು ಅಂದೆ, ಬಾ ಅಂದೆ, ನಾಲಿಗೆ ಸದ್ದು ಮಾಡಿದೆ, ಅಪ್ಪ ಎತ್ತಿಗೆ ಹೇಳುತ್ತಿದ್ದದ್ದೆಲ್ಲ ಹೇಳಿದೆ. ಬ್ರೆಲ್ಯಾಂಡ್ ದಂಪತಿ ಬರೆದದ್ದು ಕಣ್ಣೆದುರು ಇಳಿಜಾರಿನಲ್ಲಿ ಓಡಿ ಮರೆಯಾಯಿತು. ನಲವತ್ತು ನಿಮಿಷ. ಕಾಳಿಯ ಕಲ್ಲು ನೆನಪಾಗುತ್ತಿತ್ತು, ಬೇಡವೆಂದರೂ. ನವಿಲು ಹಾರಿ ಮರ ಸೇರಿದ್ದನ್ನು ನಾನು ನೋಡಿದ್ದೆ, ಅದು ಪುಣ್ಯ. ಕಲ್ಲಿನ ಮೇಲೆ ಕೂತಿದ್ದೆ, ಅಂಗೈ ಸುಮ್ಮನೆ ಚಾಚಿಕೊಂಡೇ ಇತ್ತು. ಹಿಂದಿನಿಂದ ಬಂದು ಮೂಗು ಒತ್ತಿದಳು, ನಾಲಿಗೆ ಒಂದು ಮೊಳ ಹೊರಗೆ, ಹೊಟ್ಟೆ ತುಂಬಾ ಮುಳ್ಳು. ಜೇಬಿನಲ್ಲಿದ್ದ ಗಜ್ಜರಿಯನ್ನೆಲ್ಲ ಕೊಟ್ಟೆ. ಓಡಿಹೋದವಳಿಗೆ ಬಹುಮಾನವೇ ಅಂತ ನೀವು ಕೇಳಬಹುದು. ಬಹುಮಾನ ಓಡಿದ್ದಕ್ಕಲ್ಲ, ಬಂದದ್ದಕ್ಕೆ. ಕ್ಷಣಕ್ಕೆ ಕ್ಷಣದ ಲೆಕ್ಕ, ಇದನ್ನು ಆ ಬೆತ್ತದ ಮೋಸ್ಟೂ ಒಪ್ಪುತ್ತಿದ್ದ.

ಸೆಕ್ರೆಟರಿಯವರ ಪತ್ರ ಸೊಸೈಟಿಯ ಫೈಲಿನಲ್ಲಿ ಇನ್ನೂ ಇದೆ, ಅವರು ಹಿಂತೆಗೆದುಕೊಂಡಿಲ್ಲ, ನಾನೂ ಕೇಳಿಲ್ಲ. ಅವರ ಮೊಮ್ಮಗ ಮಾತ್ರ ದಿನಾ ಸಂಜೆ ಬಂದು ಚಿಗರಿಗೆ ಕೈ ಕೊಡುವುದನ್ನು ಕಲಿಸುತ್ತಾನೆ. ಕೌದಿ ಮೂಲೆಯಲ್ಲೆಲ್ಲ ಹರಿದಿದೆ. ಇನ್ನೊಂದು ಹೊಲಿಯಲು ಹಳೇ ಸೀರೆ ಬೇಕು, ದಪ್ಪನೂಲಿನದೇ ಆಗಬೇಕು, ಈ ಸಿಂಥೆಟಿಕ್ಕಿನೊಳಗ ರೊಟ್ಟಿ ನಿಲ್ಲೂದಿಲ್ಲ ಅಂತ ಅವ್ವ ಹೋದ ವಾರ ಊರಿಗೆ ಫೋನ್ ಮಾಡಿಸಿದ್ದಾಳೆ.